ಟರ್ಮಿನಲ್ ಎಡಿಟರ್‌ಗೆ ಮೌಸ್, ಮೆನು, ಪಾಪ್‌ಅಪ್: ಈ ಜಗಳ ಯಾವುದರ ಬಗ್ಗೆ?

ಮೈಕ್ರೋಸಾಫ್ಟ್ 2025ರ ಮೇ ತಿಂಗಳಲ್ಲಿ ‘ಎಡಿಟ್’ ಎಂಬ ಪುಟ್ಟ ಟೆಕ್ಸ್ಟ್ ಎಡಿಟರ್ ಹೊರತಂದಿತು. ಗಾತ್ರ 250 ಕಿಲೋಬೈಟ್‌ಗಿಂತ ಕಡಿಮೆ. ಅದು ಓಡುವುದು ಟರ್ಮಿನಲ್ ಒಳಗೆ, ಅಂದರೆ ಅಕ್ಷರಗಳನ್ನಷ್ಟೇ ತೋರಿಸುವ ಕಿಟಕಿಯೊಳಗೆ. ಆದರೂ ಮೇಲ್ಗಡೆ ಮೆನು ಸಾಲಿದೆ, ಮೌಸ್ ಕ್ಲಿಕ್ ಕೆಲಸ ಮಾಡುತ್ತದೆ. ಅದಕ್ಕೂ ಮೊದಲೇ, 2022ರ 0.8 ಆವೃತ್ತಿಯಿಂದ, ನಿಯೋವಿಮ್ ಎಡಿಟರ್‌ನಲ್ಲಿ ಮೌಸ್ ತಾನಾಗಿಯೇ ಆನ್ ಆಗಿರುತ್ತದೆ. ಬಲಗಡೆ ಕ್ಲಿಕ್ ಮಾಡಿದರೆ ಮೆನು ತೆರೆದುಕೊಳ್ಳುತ್ತದೆ. ಕೀಬೋರ್ಡಿನಿಂದ ಕೈ ತೆಗೆಯದೆ ಕೆಲಸ ಮಾಡುವುದಕ್ಕೆಂದೇ ಹೆಸರಾದ ವಿಐ, ವಿಮ್ ಕುಟುಂಬದ ಎಡಿಟರ್ ಅದು.

ಇದನ್ನು ಕಂಡವರಿಗೆ ಗೊಂದಲವಾಗುವುದು ಸಹಜ. ಮೆನು, ಮೌಸ್ ಬೇಕಿದ್ದವರಿಗೆ ವಿಎಸ್ ಕೋಡ್‌ನಂಥ ಗ್ರಾಫಿಕಲ್ ಎಡಿಟರ್ ಇದೆಯಲ್ಲ? ಟರ್ಮಿನಲ್ ಬೇಕೆನ್ನುವವರಿಗೆ ಮೆನು ಯಾಕೆ? ಒಂದು ಕಡೆಯವರು ‘ಹೊಸಬರಿಗೆ ಬಾಗಿಲು ತೆರೆಯಿರಿ’ ಎನ್ನುತ್ತಾರೆ. ಇನ್ನೊಂದು ಕಡೆಯವರು ‘ಚೆನ್ನಾಗಿರುವುದನ್ನು ಕೆಡಿಸಬೇಡಿ’ ಎನ್ನುತ್ತಾರೆ. ಎರಡೂ ಮಾತಿನಲ್ಲಿ ಸತ್ಯ ಇದೆ. ಆದರೆ ನಿಜವಾದ ತೊಡಕು ಇರುವುದು ಈ ಎರಡೂ ಮಾತಿನಾಚೆ.

ಒಂದು ಪರದೆ ತುಂಬಲು ಒಂದು ನಿಮಿಷ

ಕೀಬೋರ್ಡ್ ಎಡಿಟರ್‌ಗಳು ಹೀಗೇಕಿವೆ ಎಂದು ತಿಳಿಯಲು 1976ಕ್ಕೆ ಹೋಗಬೇಕು. ಆಗ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಬಿಲ್ ಜಾಯ್ ‘ವಿಐ’ ಎಡಿಟರ್ ಬರೆಯುತ್ತಿದ್ದರು. ಅವರ ಬಳಿ ಇದ್ದದ್ದು 300 ಬಾಡ್ ವೇಗದ ಮೋಡೆಮ್. ಅದರಲ್ಲಿ ಸೆಕೆಂಡಿಗೆ ಸುಮಾರು 30 ಅಕ್ಷರ ಮಾತ್ರ ಬರುತ್ತಿತ್ತು. ಒಂದು ಪರದೆ ಎಂದರೆ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1,920 ಅಕ್ಷರ. ಪೂರ್ತಿ ಪರದೆ ತುಂಬಲು ಒಂದು ನಿಮಿಷಕ್ಕಿಂತ ಜಾಸ್ತಿ ಬೇಕಿತ್ತು.

ಇಷ್ಟು ನಿಧಾನದ ತಂತಿಯ ಮೇಲೆ ಮೆನು ಬಿಡಿಸುತ್ತಾ ಕೂರಲು ಆಗುತ್ತಿರಲಿಲ್ಲ. ಹಾಗಾಗಿ ಆದೇಶಗಳು ಒಂದೊಂದು ಅಕ್ಷರಕ್ಕೆ ಇಳಿದವು. ಅದೇ ಕೀಲಿಗಳು ಬರೆಯುವುದಕ್ಕೂ ಬೇಕು, ಆದೇಶಕ್ಕೂ ಬೇಕು. ಅದಕ್ಕಾಗಿ ಬರೆಯುವ ಸ್ಥಿತಿ, ಆದೇಶ ಕೊಡುವ ಸ್ಥಿತಿ ಎಂದು ಎರಡು ‘ಮೋಡ್’ ಬಂದವು. ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಅಚ್ಚಾಗಿದ್ದವು. ಇಂದಿಗೂ, ವಿಐನ ಸುಧಾರಿತ ರೂಪವಾದ ವಿಮ್ ಬಳಸುವವರು ಕರ್ಸರನ್ನು ಆ ನಾಲ್ಕು ಅಕ್ಷರಗಳಿಂದಲೇ ಓಡಿಸುತ್ತಾರೆ.

ಕಾರಣ ಹಳತಾಯಿತು, ತಂತಿ ವೇಗವಾಯಿತು. ಆದರೂ ಈ ಪದ್ಧತಿ ಉಳಿಯಿತು. ಬರೀ ರೂಢಿಯಿಂದ ಉಳಿದದ್ದಲ್ಲ ಅದು. ಬಡತನದಿಂದ ಹುಟ್ಟಿದ ಆ ಒಂದೊಂದು ಅಕ್ಷರಗಳು ಸೇರಿ ಒಂದು ಪುಟ್ಟ ಭಾಷೆಯೇ ಆಗಿಬಿಟ್ಟಿತ್ತು. ‘ಡಿ’ ಎಂದರೆ ಅಳಿಸು. ‘ಡಬ್ಲ್ಯೂ’ ಎಂದರೆ ಪದ. ಎರಡೂ ಸೇರಿದರೆ ‘ಪದ ಅಳಿಸು’. ನಡುವೆ 3 ಸೇರಿಸಿದರೆ ‘ಮೂರು ಪದ ಅಳಿಸು’. ಚುಕ್ಕೆ ಒತ್ತಿದರೆ ಹಿಂದೆ ಮಾಡಿದ್ದನ್ನೇ ಮತ್ತೆ ಮಾಡು. ಹತ್ತು ಹೆಜ್ಜೆಗಳನ್ನು ರೆಕಾರ್ಡ್ ಮಾಡಿಟ್ಟು ಸಾವಿರ ಸಾಲುಗಳ ಮೇಲೆ ಓಡಿಸಬಹುದು.

ಮೌಸ್‌ಗೂ ಕೀಬೋರ್ಡಿಗೂ ಇರುವ ಆಳವಾದ ವ್ಯತ್ಯಾಸ ಇಲ್ಲಿದೆ. ‘ಪದ ಅಳಿಸು’ ಎಂಬುದಕ್ಕೆ ಅರ್ಥ ಇದೆ. ಬೇರೆ ಜಾಗದಲ್ಲಿ, ಬೇರೆ ಉದ್ದದ ಪದದ ಮೇಲೂ ಅದು ನಡೆಯುತ್ತದೆ. ‘ಇಲ್ಲಿಂದ ಅಲ್ಲಿಯವರೆಗೆ ಎಳೆ’ ಎಂಬುದಕ್ಕೆ ಪರದೆಯ ಮೇಲಿನ ಎರಡು ಬಿಂದುಗಳಷ್ಟೇ ಗೊತ್ತು. ಅದನ್ನು ಮತ್ತೆ ಮಾಡು ಎಂದರೆ ಏನು ಮಾಡಬೇಕು? ಹಳೆಯ ಬಳಕೆದಾರರು ಕಳೆದುಕೊಳ್ಳಲು ಹೆದರುವುದು ಇದನ್ನೇ. ವೇಗದ ಮಾತು ಆಮೇಲಿನದು.

ಬೇಕು ಎನ್ನುವವರು ಯಾರು?

ಮೊದಲನೆಯವರು, ಆರಿಸಿಕೊಳ್ಳದೆಯೇ ಇಲ್ಲಿಗೆ ಬಂದು ಸಿಕ್ಕಿಬಿದ್ದವರು. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಒಂದು ಸಾಲು ತಿದ್ದಬೇಕು. ಅಥವಾ ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಕಮಿಟ್ (ದಾಖಲಿಸು) ಎಂದು ಕೊಟ್ಟ ಕೂಡಲೇ ಗೊತ್ತಿಲ್ಲದ ಎಡಿಟರ್ ತೆರೆದುಕೊಂಡಿತು. ಏನು ಒತ್ತಿದರೂ ಏನೇನೋ ಆಗುತ್ತದೆ. ಹೊರಗೆ ಬರುವ ದಾರಿಯೇ ಕಾಣುವುದಿಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ‘ವಿಮ್‌ನಿಂದ ಹೊರಬರುವುದು ಹೇಗೆ’ ಎಂಬ ಪ್ರಶ್ನೆ 2017ರಲ್ಲೇ ಹತ್ತು ಲಕ್ಷ ವೀಕ್ಷಣೆ ದಾಟಿತ್ತು. ‘ಎಡಿಟ್’ ಅನ್ನು ಮೋಡ್‌ಗಳಿಲ್ಲದಂತೆ ಮಾಡಲು ಮೈಕ್ರೋಸಾಫ್ಟ್ ಕೊಟ್ಟ ಕಾರಣಗಳಲ್ಲಿ ಈ ತೊಂದರೆಯೂ ಒಂದು. 64 ಬಿಟ್ ವಿಂಡೋಸ್‌ನಲ್ಲಿ ಕಮಾಂಡ್ ಸಾಲಿಗೆಂದು ಎಡಿಟರ್ ಇರಲೇ ಇಲ್ಲ ಎಂಬುದು ಇನ್ನೊಂದು. ಈಗಂತೂ ಕ್ಲಾಡ್ ಕೋಡ್, ಜೆಮಿನೈ ಸಿಎಲ್‌ಐ ಥರದ ಎಐ ಸಾಧನಗಳು ಟರ್ಮಿನಲ್‌ನಲ್ಲೇ ಓಡುತ್ತವೆ. ಟರ್ಮಿನಲ್ ಮುಟ್ಟದೇ ಇದ್ದವರೂ ಅಲ್ಲಿಗೆ ಬರುತ್ತಿದ್ದಾರೆ.

ಎರಡನೆಯವರು, ವರ್ಷಗಟ್ಟಲೆಯಿಂದ ಟರ್ಮಿನಲ್‌ನಲ್ಲೇ ಇರುವವರು! ಇದು ಹೊರಗಿನವರಿಗೆ ಗೊತ್ತಾಗುವುದು ಕಡಿಮೆ. 2016ರಲ್ಲಿ ಮೈಕ್ರೋಸಾಫ್ಟ್ ‘ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್’ ಎಂಬ ಏರ್ಪಾಡನ್ನು ತೆರೆದಿಟ್ಟಿತು. ಕೋಡ್ ಅರ್ಥ ಮಾಡಿಕೊಳ್ಳುವ ಕೆಲಸ ಎಡಿಟರ್‌ನಿಂದ ಬೇರೆಯಾಯಿತು. ಹಾಗಾಗಿ ಸಲಹೆಗಳ ಪಟ್ಟಿ, ತಪ್ಪಿನ ಗುರುತು, ವಿವರಣೆಯ ಪೆಟ್ಟಿಗೆ ಎಲ್ಲವೂ ಯಾವ ಎಡಿಟರ್‌ಗೆ ಬೇಕಾದರೂ ಸಿಗತೊಡಗಿತು. ಅದನ್ನೆಲ್ಲ ತೋರಿಸಲು ಜಾಗ ಬೇಕಲ್ವಾ? ನಿಯೋವಿಮ್ 2019ರಲ್ಲಿ ತೇಲುವ ಕಿಟಕಿಗಳನ್ನು ತಂದಿತು. ಅದೇ ವರ್ಷದ ಕೊನೆಗೆ ವಿಮ್ 8.2 ಪಾಪ್‌ಅಪ್ ಕಿಟಕಿ ತಂದಿತು. ಇವನ್ನು ಕೇಳಿ ಪಡೆದವರು ಹಳಬರೇ. ಅಂದರೆ ಗ್ರಾಫಿಕಲ್ ಸೌಲಭ್ಯ ಬರಬೇಕೇ ಬೇಡವೇ ಎಂಬ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ ಸಿಕ್ಕು ಆಗಲೇ ಕೆಲವು ವರ್ಷಗಳಾಗಿವೆ.

ಬೇಡ ಎನ್ನುವವರ ಮಾತು

ಇವರನ್ನು ಹಠಮಾರಿಗಳು ಎಂದು ತಳ್ಳಿಹಾಕುವುದು ಸುಲಭ. ಅದು ಅನ್ಯಾಯ. ಒಂದು ನಿಜವಾದ ಘಟನೆ ನೋಡಿ.

2016ರಲ್ಲಿ ಬಂದ ವಿಮ್ 8.0 ಒಂದು ಬದಲಾವಣೆ ಮಾಡಿತು. ತಮ್ಮದೇ ಸೆಟ್ಟಿಂಗ್ ಫೈಲ್ ಇಲ್ಲದವರಿಗೆ ಮೌಸ್ ತಾನಾಗಿಯೇ ಆನ್ ಆಗುವಂತೆ ಮಾಡಿತು. ಹೊಸಬರಿಗೆ ಅನುಕೂಲವಾಗಲಿ ಎಂಬ ಒಳ್ಳೆಯ ಉದ್ದೇಶ. 2017ರಲ್ಲಿ ಡೆಬಿಯನ್ 9 ಎಂಬ ಲಿನಕ್ಸ್ ಆವೃತ್ತಿಯ ಜೊತೆ ಇದು ಎಷ್ಟೋ ಸರ್ವರ್‌ಗಳಿಗೆ ಹೋಯಿತು. ಕೂಡಲೇ ದೂರುಗಳು ಶುರುವಾದವು. ಎಲ್ಲರೂ ಹೇಳಿದ್ದು ಒಂದೇ: ಕಾಪಿ-ಪೇಸ್ಟ್ ಕೆಟ್ಟುಹೋಗಿದೆ.

ಹೀಗಾಗಲು ಕಾರಣ ಇದೆ. ಟರ್ಮಿನಲ್‌ನಲ್ಲಿ ಮೌಸ್‌ಗೆ ಮೊದಲೇ ಒಬ್ಬ ಯಜಮಾನ ಇದ್ದಾನೆ, ಅದು ಟರ್ಮಿನಲ್ ತಾನೇ. ನೀವು ಎಳೆದರೆ ಅಕ್ಷರ ಆಯ್ಕೆಯಾಗುತ್ತದೆ. ಹಲವು ಟರ್ಮಿನಲ್‌ಗಳಲ್ಲಿ ಬಲಕ್ಲಿಕ್ ಮಾಡಿದರೆ ಪೇಸ್ಟ್ ಆಗುತ್ತದೆ. ಒಳಗಿರುವ ಎಡಿಟರ್ ‘ಮೌಸ್ ನನಗೆ ಕೊಡು’ ಎಂದು ಕೇಳಿದ ಕ್ಷಣ ಈ ಎರಡೂ ನಿಂತುಹೋಗುತ್ತವೆ. ಶಿಫ್ಟ್ ಒತ್ತಿಕೊಂಡು ಎಳೆದರೆ ಬಹುತೇಕ ಟರ್ಮಿನಲ್‌ಗಳಲ್ಲಿ ಹಳೆಯ ವರ್ತನೆ ಮರಳುತ್ತದೆ. ಆದರೆ ಆ ಗುಟ್ಟು ಗೊತ್ತಿರಬೇಕು. ಹೊಸಬರಿಗೆಂದು ಮಾಡಿದ್ದು ಹೊಸಬರಿಗೇ ತೊಡಕಾಯಿತು, ಹಳಬರಿಗೂ ಆಯಿತು.

ಇದರ ಹಿಂದೆ ಇನ್ನೊಂದು ಭಯ ಇದೆ. ಇವತ್ತು ಮೌಸ್‌ನಿಂದ ‘ಕೂಡ’ ಮಾಡಬಹುದು ಎನ್ನುತ್ತಾರೆ. ನಾಳೆ ಮೌಸ್‌ನಿಂದ ‘ಮಾತ್ರ’ ಮಾಡಬಹುದಾದ ಕೆಲಸ ಬರಬಹುದು. ಪ್ಲಗಿನ್ (ಎಡಿಟರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಬರೆಯುವವರು ಕ್ಲಿಕ್ ಮಾಡುವ ಗುಂಡಿ ಇಟ್ಟು, ಅದಕ್ಕೆ ಕೀಲಿ ಕೊಡಲು ಮರೆತರೆ ಅಲ್ಲಿಗೆ ಮುಗಿಯಿತು. ಆ ಕೆಲಸವನ್ನು ರೆಕಾರ್ಡ್ ಮಾಡಲಾಗದು, ಸ್ಕ್ರಿಪ್ಟ್ ಮಾಡಲಾಗದು. ‘ಎಡಿಟ್’ ಈ ವಿಷಯದಲ್ಲಿ ಸರಿಯಾದ ದಾರಿ ಹಿಡಿದಿದೆ. ಅದರ ಮೆನುವಿನ ಪ್ರತಿ ಆಯ್ಕೆಗೂ ಕೀಬೋರ್ಡ್ ದಾರಿ ಇದೆ.

ಚೌಕುಳಿ ಹಾಳೆಯ ಮಿತಿ

ಈಗ ಮುಖ್ಯ ತೊಡಕಿಗೆ ಬರೋಣ. ಟರ್ಮಿನಲ್ ಎಂದರೆ ಒಂದು ಚೌಕುಳಿ ಹಾಳೆ. ಪ್ರತಿ ಮನೆಯಲ್ಲಿ ಒಂದು ಅಕ್ಷರ. ಎಡಿಟರ್ ಹೇಳಬಹುದಾದದ್ದು ಇಷ್ಟೇ: ‘ಈ ಮನೆಯಲ್ಲಿ ಈ ಅಕ್ಷರ, ಈ ಬಣ್ಣ’. ಮೆನು ಎಂದರೇನು, ಗುಂಡಿ ಎಂದರೇನು ಎಂದು ಟರ್ಮಿನಲ್‌ಗೆ ಗೊತ್ತಿಲ್ಲ. ಟರ್ಮಿನಲ್ ಎಡಿಟರ್‌ನಲ್ಲಿ ಕಾಣುವ ಪೆಟ್ಟಿಗೆಯ ಅಂಚು ಕೂಡ ಅಡ್ಡಗೆರೆ, ಉದ್ದಗೆರೆ ಅಕ್ಷರಗಳನ್ನು ಜೋಡಿಸಿ ಮಾಡಿದ ಚಿತ್ರ.

ಒಳಗೆ ಬರುವ ದಾರಿ ಇನ್ನೂ ಇಕ್ಕಟ್ಟು. ಸಾಂಪ್ರದಾಯಿಕ ಟರ್ಮಿನಲ್‌ನಲ್ಲಿ ಟ್ಯಾಬ್ ಒತ್ತಿದರೂ, ಕಂಟ್ರೋಲ್-ಐ ಒತ್ತಿದರೂ ಎಡಿಟರ್‌ಗೆ ತಲುಪುವುದು ಒಂದೇ ಸಂಖ್ಯೆ, 9. ಎಂಟರ್ ಮತ್ತು ಕಂಟ್ರೋಲ್-ಎಂ ಎರಡೂ 13. ಬಾಣದ ಕೀಲಿ ಒತ್ತಿದರೆ ಎಸ್ಕೇಪ್‌ನಿಂದ ಶುರುವಾಗುವ ಮೂರು ಬೈಟ್‌ಗಳ ಸರಣಿ ಹೋಗುತ್ತದೆ. ಹಾಗಾಗಿ ಎಸ್ಕೇಪ್ ಬಂದಾಗ ಎಡಿಟರ್ ಒಂದು ಗಳಿಗೆ ಕಾಯಬೇಕು. ಇದು ಬರೀ ಎಸ್ಕೇಪೋ, ಬಾಣದ ಕೀಲಿಯ ಮೊದಲ ತುಂಡೋ? ವಿಮ್‌ನಲ್ಲಿ ಅತಿ ಹೆಚ್ಚು ಒತ್ತುವ ಕೀಲಿಗಳಲ್ಲಿ ಎಸ್ಕೇಪ್ ಒಂದು. ಆ ಸಣ್ಣ ತಡವೂ ಕೈಗೆ ಗೊತ್ತಾಗುತ್ತದೆ.

ಮೌಸ್ ಕಥೆಯೂ ಹೀಗೇ. ಹಳೆಯ ಪದ್ಧತಿಯಲ್ಲಿ ಕ್ಲಿಕ್ ಆದ ಜಾಗವನ್ನು ಒಂದೇ ಬೈಟ್‌ನಲ್ಲಿ ಹೇಳಬೇಕಿತ್ತು. ಅದಕ್ಕೆ 32 ಕೂಡಿಸಿ ಕಳಿಸುತ್ತಿದ್ದರಿಂದ 223ನೇ ಕಾಲಮ್‌ಗೆ ಲೆಕ್ಕ ಮುಗಿಯುತ್ತಿತ್ತು. ಅಗಲ ಪರದೆಯ ಬಲ ತುದಿಯಲ್ಲಿ ಕ್ಲಿಕ್ ಮಾಡಿದರೆ ಎಡಿಟರ್‌ಗೆ ಗೊತ್ತೇ ಆಗುತ್ತಿರಲಿಲ್ಲ. ಆಮೇಲೆ ಅಂಕಿಗಳಲ್ಲೇ ಬರೆದು ಕಳಿಸುವ ಪದ್ಧತಿ ಬಂದು ಇದು ಸರಿಹೋಯಿತು.

ಹೀಗೆ ಒಂದೊಂದೇ ತೇಪೆ ಹಾಕುತ್ತಾ ಟರ್ಮಿನಲ್ ಬೆಳೆದಿದೆ. ಕಿಟ್ಟಿ ಟರ್ಮಿನಲ್ ಕೀಲಿಗಳ ಗೊಂದಲ ಬಿಡಿಸುವ ಹೊಸ ಒಪ್ಪಂದ ತಂದಿತು. ಚಿತ್ರ ತೋರಿಸಲು ಅದರದ್ದೇ ಒಂದು ದಾರಿ, ಐಟರ್ಮ್2 ಎಂಬ ಟರ್ಮಿನಲ್‌ನದು ಇನ್ನೊಂದು, 1980ರ ದಶಕದ ಡಿಇಸಿ ಕಂಪನಿಯ ಯಂತ್ರಗಳ ಕಾಲದಿಂದ ಬಂದ ಸಿಕ್ಸೆಲ್ ಮತ್ತೊಂದು. ಯಾವ ಟರ್ಮಿನಲ್‌ಗೆ ಯಾವುದು ಗೊತ್ತು ಎಂದು ಎಡಿಟರ್ ಪ್ರತಿ ಸಲ ವಿಚಾರಿಸಬೇಕು. ಒಂದೇ ಟರ್ಮಿನಲನ್ನು ಹಲವಾಗಿ ಹಂಚುವ ಟಿಮಕ್ಸ್ ನಡುವೆ ಕೂತಿದ್ದರೆ ಅದಕ್ಕೂ ಅರ್ಥವಾಗಬೇಕು. ಒಬ್ಬರ ಕಂಪ್ಯೂಟರ್‌ನಲ್ಲಿ ಸೊಗಸಾಗಿ ಕಾಣುವುದು ಇನ್ನೊಬ್ಬರಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣಬಹುದು.

ಸುರಕ್ಷತೆಯ ಪ್ರಶ್ನೆಯನ್ನೂ ಮರೆಯುವಂತಿಲ್ಲ. ದೂರದ ಸರ್ವರ್‌ನಲ್ಲಿರುವ ಎಡಿಟರ್ ನಿಮ್ಮ ಕ್ಲಿಪ್‌ಬೋರ್ಡಿಗೆ ಬರೆಯಲು ಓಎಸ್‌ಸಿ 52 ಎಂಬ ಸಂಕೇತ ಇದೆ. ತುಂಬಾ ಅನುಕೂಲ. ಆದರೆ ಅದೇ ಸಂಕೇತದಿಂದ ಕ್ಲಿಪ್‌ಬೋರ್ಡ್ ಓದಲೂ ಬಿಟ್ಟರೆ, ನೀವು ಆಗತಾನೇ ಕಾಪಿ ಮಾಡಿದ ಪಾಸ್‌ವರ್ಡ್ ಆ ಸರ್ವರ್‌ಗೆ ಕಾಣುತ್ತದೆ. ಅದಕ್ಕೇ ಹಲವು ಟರ್ಮಿನಲ್‌ಗಳು ಬರೆಯಲು ಬಿಟ್ಟು ಓದಲು ತಡೆಯುತ್ತವೆ.

ಕನ್ನಡದಂಥ ಲಿಪಿಗೆ ಈ ಚೌಕುಳಿ ಇನ್ನೂ ಕಷ್ಟ. ‘ಕ್ಷ’ ನಮಗೆ ಒಂದು ಅಕ್ಷರ. ಕಂಪ್ಯೂಟರ್‌ಗೆ ಅದು ಕ, ಹಲಂತ ಚಿಹ್ನೆ (್), ಷ ಎಂಬ ಮೂರು ಸಂಕೇತ. ಅದಕ್ಕೆ ಎಷ್ಟು ಮನೆ ಕೊಡಬೇಕು? ಎಡಿಟರ್ ಒಂದು ಲೆಕ್ಕ ಹಾಕಿ, ಟರ್ಮಿನಲ್ ಇನ್ನೊಂದು ಹಾಕಿದರೆ ಕರ್ಸರ್ ಒಂದು ಕಡೆ, ತಿದ್ದುಪಡಿ ಇನ್ನೊಂದು ಕಡೆ. ಗ್ರಾಫಿಕಲ್ ಕಿಟಕಿಯಲ್ಲಿ ಮನೆಗಳ ಕಟ್ಟುಪಾಡಿಲ್ಲ. ಇಮ್ಯಾಕ್ಸ್ ಎಂಬ ಇನ್ನೊಂದು ಹಳೆಯ ಎಡಿಟರ್‌ನ 2020ರ 27ನೇ ಆವೃತ್ತಿ ಹಾರ್ಫ್‌ಬಜ್ ಎಂಬ ತಂತ್ರಾಂಶದಿಂದ ಅಕ್ಷರ ಜೋಡಿಸುತ್ತದೆ. ಹಾಗಾಗಿ ಅದರ ಗ್ರಾಫಿಕಲ್ ಕಿಟಕಿಯಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ‘ಗ್ರಾಫಿಕಲ್ ಏಕೆ ಬೇಕು’ ಎಂಬ ಪ್ರಶ್ನೆಗೆ ಇದೊಂದೇ ಉತ್ತರ ಸಾಕು.

ಎರಡು ದಾರಿ

ಇಷ್ಟೆಲ್ಲ ತಿಳಿದ ಮೇಲೆ ಎಡಿಟರ್ ಮಾಡುವವರ ಮುಂದೆ ಎರಡು ದಾರಿ ಕಾಣುತ್ತವೆ.

ಒಂದು, ಚೌಕುಳಿಯೊಳಗೇ ಎಲ್ಲವನ್ನೂ ಬಿಡಿಸುವುದು. ‘ಎಡಿಟ್’, ಮೈಕ್ರೋ ಥರದ ಎಡಿಟರ್‌ಗಳ ದಾರಿ ಇದು. ಚಿಕ್ಕ ಕೆಲಸಕ್ಕೆ ಇದು ಸಾಕು. ಒಂದೇ ಫೈಲ್ ಕಾಪಿ ಮಾಡಿದರೆ ಎಲ್ಲಿ ಬೇಕಾದರೂ ಓಡುತ್ತದೆ.

ಇನ್ನೊಂದು, ಎಡಿಟರ್‌ನ ಮೆದುಳನ್ನೂ ಮುಖವನ್ನೂ ಬೇರೆ ಮಾಡುವುದು. 2014ರಲ್ಲಿ ತಿಯಾಗೋ ಡಿ ಅರುಡಾ ವಿಮ್‌ನಿಂದ ನಿಯೋವಿಮ್ ಕವಲೊಡೆಸಿದಾಗ ಇದು ಮೊದಲಿಂದಲೂ ಗುರಿಯಾಗಿತ್ತು. ಮೆದುಳು ಸಂದೇಶ ಕಳಿಸುತ್ತದೆ, ಮುಖ ಅದನ್ನು ತನಗೆ ತಿಳಿದಂತೆ ಬಿಡಿಸುತ್ತದೆ. ಇದೇ ಏರ್ಪಾಡಿನಿಂದ ನಿಯೋವೈಡ್ ಎಂಬ ಪ್ರತ್ಯೇಕ ಗ್ರಾಫಿಕಲ್ ಮುಖ ಸಾಧ್ಯವಾಯಿತು. ಅದರಲ್ಲಿ ಕರ್ಸರ್ ಹಾರದೆ ಜಾರುತ್ತಾ ಹೋಗುತ್ತದೆ. ವಿಎಸ್ ಕೋಡ್ ಒಳಗೆ ನಿಜವಾದ ನಿಯೋವಿಮ್ ಓಡಿಸುವ ಎಕ್ಸ್‌ಟೆನ್ಷನ್ ಕೂಡ ಇದೆ. 2023ರ 0.9 ಆವೃತ್ತಿಯ ಹೊತ್ತಿಗೆ ಟರ್ಮಿನಲ್ ಮುಖವೂ ಬೇರೆ ಪ್ರಕ್ರಿಯೆಯಾಗಿ, ಹಲವು ಮುಖಗಳಲ್ಲಿ ಒಂದಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೆದುಳು ಕಳಿಸುವ ಸಂದೇಶ ಎಂಥದ್ದು? ‘ಇಲ್ಲಿ ಐದು ಆಯ್ಕೆಗಳ ಪಟ್ಟಿ ಇದೆ, ಎರಡನೆಯದು ಆಯ್ಕೆಯಾಗಿದೆ’ ಎಂದು ಕಳಿಸಿದರೆ ಗ್ರಾಫಿಕಲ್ ಮುಖ ಅದನ್ನು ನಿಜವಾದ ಪಟ್ಟಿಯಾಗಿ ತೋರಿಸಬಹುದು. ‘ಈ ಮನೆಗಳಲ್ಲಿ ಈ ಗೆರೆ ಅಕ್ಷರಗಳು’ ಎಂದು ಕಳಿಸಿದರೆ ಅದಕ್ಕೆ ಏನೂ ಮಾಡಲಾಗದು. ನಿಯೋವಿಮ್‌ನಲ್ಲಿ ಮೊದಲ ಥರದ ಸಂದೇಶಕ್ಕೆ ವ್ಯವಸ್ಥೆ ಇದೆ. ಆದರೆ ಜನಪ್ರಿಯ ಪ್ಲಗಿನ್‌ಗಳಲ್ಲಿ ಬಹಳಷ್ಟು ತೇಲುವ ಕಿಟಕಿಯೊಳಗೆ ತಾವೇ ಅಕ್ಷರಗಳಿಂದ ಮೆನು ಬಿಡಿಸುತ್ತವೆ. ಬರೆಯಲು ಅದು ಸುಲಭ, ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ಪರಿಣಾಮವಾಗಿ ದಾರಿ ತೆರೆದಿದ್ದರೂ ಸರಕು ಆ ದಾರಿಯಲ್ಲಿ ಹೋಗುತ್ತಿಲ್ಲ.

ಇಮ್ಯಾಕ್ಸ್ ಬೇರೆ ಪಾಠ ಕಲಿಸುತ್ತದೆ. ಅದು ಒಂದೇ ತಂತ್ರಾಂಶವಾಗಿ ಟರ್ಮಿನಲ್‌ನಲ್ಲೂ ಗ್ರಾಫಿಕಲ್ ಕಿಟಕಿಯಲ್ಲೂ ಓಡುತ್ತದೆ. 2001ರ ಇಮ್ಯಾಕ್ಸ್ 21 ಚಿತ್ರ, ಟೂಲ್‌ಬಾರ್, ಬೇರೆ ಬೇರೆ ಅಗಲದ ಅಕ್ಷರಗಳನ್ನು ತಂದಿತು. ಮೌಸ್ ಬೇಡದವರು ಟೂಲ್‌ಬಾರ್ ಆಫ್ ಮಾಡಿ ಕೆಲಸ ಮುಂದುವರಿಸಿದರು, ಎಡಿಟರ್ ಏನೂ ಕೆಡಲಿಲ್ಲ. ಆದರೆ ಎರಡು ಮುಖಗಳ ನಡುವೆ ಅಂತರ ಬೆಳೆಯಿತು. 2018ರ ಇಮ್ಯಾಕ್ಸ್ 26ರಲ್ಲಿ ಬಂದ ‘ಚೈಲ್ಡ್ ಫ್ರೇಮ್’ ಎಂಬ ತೇಲುವ ಪೆಟ್ಟಿಗೆ ಗ್ರಾಫಿಕಲ್ ಕಿಟಕಿಗೆ ಮಾತ್ರ ಸಿಕ್ಕಿತು. ಅದನ್ನು ನಂಬಿ ಬರೆದ ಪ್ಯಾಕೇಜುಗಳಿಗೆ ಟರ್ಮಿನಲ್‌ನಲ್ಲಿ ಬೇರೆ ಉಪಾಯ ಹುಡುಕಬೇಕಾಯಿತು.

ಕಲಿಯಬೇಕಾದದ್ದು ಮೌಸ್ ಅಲ್ಲ, ಮೆನುವಿನ ಗುಣ

ಗ್ರಾಫಿಕಲ್ ಲೋಕದಿಂದ ತರಬೇಕಾದ ದೊಡ್ಡ ಗುಣ ಯಾವುದು? ನನ್ನ ಅನಿಸಿಕೆಯಲ್ಲಿ ಅದು ‘ಏನೇನು ಮಾಡಬಹುದು ಎಂದು ತೋರಿಸುವುದು’. ಮೆನು ತೆರೆದವರಿಗೆ ಏನೂ ನೆನಪಿರಬೇಕಿಲ್ಲ, ಕಣ್ಣಾಡಿಸಿದರೆ ಸಾಕು. ಖಾಲಿ ಪರದೆ ಹಾಗಲ್ಲ. ಅದು ಗೊತ್ತಿದ್ದವರೊಂದಿಗೆ ಮಾತ್ರ ಮಾತಾಡುತ್ತದೆ.

ಈ ಗುಣಕ್ಕೆ ಮೌಸ್ ಬೇಕೇ ಬೇಕು ಎಂದಿಲ್ಲ. 2021ರಲ್ಲಿ ಬಂದ ಹೀಲಿಕ್ಸ್ ಎಡಿಟರ್‌ನಲ್ಲಿ ‘ಜಿ’ ಒತ್ತಿ ಸುಮ್ನೆ ನಿಂತರೆ, ಮುಂದೆ ಯಾವ ಕೀಲಿ ಒತ್ತಿದರೆ ಎಲ್ಲಿಗೆ ಹೋಗಬಹುದು ಎಂಬ ಪಟ್ಟಿ ಮೂಲೆಯಲ್ಲಿ ಕಾಣುತ್ತದೆ. ಸ್ಪೇಸ್ ಒತ್ತಿದರೆ ಇನ್ನೊಂದು ಪಟ್ಟಿ. ಗೊತ್ತಿದ್ದವರು ಅದನ್ನು ನೋಡದೆ ಮುಂದೆ ಹೋಗುತ್ತಾರೆ. ಗೊತ್ತಿಲ್ಲದವರು ಓದಿ ಒತ್ತುತ್ತಾರೆ. ನಾಲ್ಕು ದಿನ ಓದಿ ಒತ್ತಿದ್ದು ಐದನೇ ದಿನ ಕೈಗೇ ನೆನಪಿರುತ್ತದೆ. ಮೆನುವಿನಲ್ಲಿ ಮೌಸ್‌ನಿಂದ ಹುಡುಕುತ್ತಿದ್ದರೆ ನೂರನೇ ಸಲವೂ ಅದೇ ದೂರ ಹೋಗಬೇಕು. ಇಲ್ಲಿ ಕಲಿಯುವ ದಾರಿಯೂ ಬಳಸುವ ದಾರಿಯೂ ಒಂದೇ.

ಇದೇ ಕೆಲಸ ಮಾಡುವ ‘ವಿಚ್-ಕೀ’ ಇಮ್ಯಾಕ್ಸ್‌ನಲ್ಲಿ ವರ್ಷಗಟ್ಟಲೆ ಹೊರಗಿನ ಪ್ಯಾಕೇಜಾಗಿತ್ತು. 2025ರ ಫೆಬ್ರುವರಿಯಲ್ಲಿ ಬಂದ ಇಮ್ಯಾಕ್ಸ್ 30ರಲ್ಲಿ ಅದು ಒಳಗೇ ಸೇರಿತು. ಆದರೆ ತಾನಾಗಿಯೇ ಆನ್ ಆಗಿರುವುದಿಲ್ಲ. ಅದರ ಬಗ್ಗೆ ಯಾರಾದರೂ ಹೇಳಬೇಕು, ಬಳಸುವವರು ಆನ್ ಮಾಡಬೇಕು. ಅತಿ ಹೆಚ್ಚು ಅಗತ್ಯ ಇರುವ ಹೊಸಬರಿಗೇ ಅದು ಕಾಣುವುದಿಲ್ಲ. ಇದು ಬದಲಾಗಬೇಕು. ಮೌಸ್ ಆನ್ ಮಾಡಿದಾಗ ಹಳೆಯ ಅಭ್ಯಾಸ ಮುರಿಯಿತು, ಇದರಿಂದ ಯಾವುದೂ ಮುರಿಯುವುದಿಲ್ಲ.

ಮುಂದೆ ಏನಾಗಬಹುದು

ಎಡಿಟರ್‌ಗಳು ಎರಡು ದಿಕ್ಕಿಗೆ ಸರಿಯುವ ಸಾಧ್ಯತೆ ಜಾಸ್ತಿ. ಸರ್ವರ್‌ನಲ್ಲಿ ಒಂದು ಸಾಲು ತಿದ್ದಲು ನ್ಯಾನೋ, ಮೈಕ್ರೋ, ಎಡಿಟ್ ಥರದ ಸರಳ ಎಡಿಟರ್‌ಗಳು ನೆಲೆಯಾಗುತ್ತವೆ. ಆಗ ‘ಹೊರಬರುವುದು ಹೇಗೆ’ ಎಂದು ಒದ್ದಾಡುವವರು ವಿಮ್ ಬಾಗಿಲಿಗೆ ಬರುವುದೇ ಕಡಿಮೆಯಾಗುತ್ತದೆ. ಮೌಸ್ ಸೇರಿಸಿ ಎಂಬ ಒತ್ತಡವೂ ಇಳಿಯುತ್ತದೆ. ನಿಯೋವಿಮ್‌ನಂಥ ದೊಡ್ಡ ಎಡಿಟರ್‌ಗಳು ಬೇರೆ ಬೇರೆ ಮುಖಗಳ ಹಿಂದೆ ಕೂತು ಓಡುವ ಎಂಜಿನ್ ಆಗುತ್ತಾ ಹೋಗುತ್ತವೆ. ಕೀಲಿಗಳ ಆ ಪುಟ್ಟ ಭಾಷೆ ಟರ್ಮಿನಲ್ ಹೊರಗೂ ಬದುಕುತ್ತದೆ. ವಿಎಸ್ ಕೋಡ್, ಝೆಡ್‌ನಂಥ ಗ್ರಾಫಿಕಲ್ ಎಡಿಟರ್‌ಗಳಲ್ಲಿ ವಿಮ್ ಕೀಲಿಗಳನ್ನು ಬಳಸುವವರು ಈಗಲೇ ಇದ್ದಾರೆ.

ತಾನಾಗಿಯೇ ಏನು ಆನ್ ಆಗಿರಬೇಕು ಎಂಬ ಜಗಳ ಮಾತ್ರ ಪ್ರತಿ ದೊಡ್ಡ ಆವೃತ್ತಿಯಲ್ಲೂ ಮರಳುತ್ತದೆ. ಸೌಲಭ್ಯ ಇರುವುದಕ್ಕೆ ಯಾರೂ ಅಷ್ಟು ಸಿಟ್ಟಾಗುವುದಿಲ್ಲ. ಕೇಳದೆ ಕೈಯ ಅಭ್ಯಾಸ ಮುರಿದಾಗ ಸಿಟ್ಟಾಗುತ್ತಾರೆ.

ಈ ಚರ್ಚೆಯಲ್ಲಿ ಯಾರ ನೆನಪೂ ಆಗದ ಒಂದು ಗುಂಪು ಇದೆ. ಕಣ್ಣು ಕಾಣದೆ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಿಂದ ಕೋಡ್ ಬರೆಯುವವರು. ಸಾಲುಸಾಲಾಗಿ ಬರುವ ಬರೀ ಅಕ್ಷರ ಅವರಿಗೆ ಕೇಳಲು ಸುಲಭ. ತೇಲುವ ಪೆಟ್ಟಿಗೆ ಬಂದ ಕೂಡಲೇ ಗೆರೆ ಅಕ್ಷರಗಳು, ಹಿಂದಿನ ಕೋಡ್, ಮೆನುವಿನ ಪದ ಎಲ್ಲವೂ ಒಂದೇ ಸಾಲಿನಲ್ಲಿ ಬೆರೆತು ಕಿವಿಗೆ ಬೀಳುತ್ತವೆ. ಗ್ರಾಫಿಕಲ್ ಟೂಲ್‌ಕಿಟ್‌ನ ನಿಜವಾದ ಮೆನು ‘ನಾನು ಮೆನು, ನನ್ನಲ್ಲಿ ಐದು ಆಯ್ಕೆ’ ಎಂದು ರೀಡರ್‌ಗೆ ಹೇಳಬಲ್ಲದು. ಆದರೆ ತನ್ನ ಪರದೆಯನ್ನು ತಾನೇ ಪಿಕ್ಸೆಲ್ ಪಿಕ್ಸೆಲ್ ಆಗಿ ಬಿಡಿಸುವ ಗ್ರಾಫಿಕಲ್ ಎಡಿಟರ್, ಬೇರೆಯಾಗಿ ಶ್ರಮ ಹಾಕದಿದ್ದರೆ, ಅದನ್ನೂ ಹೇಳುವುದಿಲ್ಲ. ಟಿ. ವಿ. ರಾಮನ್ 1990ರ ದಶಕದಲ್ಲಿ ಬರೆದ, ಇಮ್ಯಾಕ್ಸ್‌ಗೆ ಮಾತು ಕೊಡುವ ಇಮ್ಯಾಕ್‌ಸ್ಪೀಕ್ ಇದನ್ನು ಚೆನ್ನಾಗಿ ಮಾಡುತ್ತದೆ. ಅದು ಪರದೆಯನ್ನು ಓದುವ ಬದಲು ಎಡಿಟರ್ ಒಳಗಿನ ಅರ್ಥವನ್ನೇ ಓದಿ ಹೇಳುತ್ತದೆ. ನಿಯೋವಿಮ್‌ನ ಪ್ಲಗಿನ್‌ಗಳು ಮನೆಗಳಲ್ಲಿ ಗೆರೆ ಎಳೆಯುವುದನ್ನು ಬಿಟ್ಟು ‘ಇದು ಪಟ್ಟಿ’ ಎಂದು ಹೇಳಲು ಶುರುಮಾಡಿದ ದಿನ, ಅಂಥದ್ದೇ ಒಂದು ಮಾತಾಡುವ ಮುಖವನ್ನು ಅದಕ್ಕೂ ಬರೆಯಬಹುದು.